ನನ್ನ ಗಂಟು ಹೊತ್ತ ಇಲಿಗಳು

ತಲೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರನ್ನು ಕಂಡರೆ, ಹೋಗಿ ಅವರ ಪಕ್ಕದಲ್ಲಿ ಕೂರಬೇಕು ಅಂತ ನನಗೆ ಈಗಲೂ ಅನಿಸುತ್ತದೆ. ಬುದ್ಧಿ ಹೇಳಲಿಕ್ಕಲ್ಲ. ಬುದ್ಧಿ ಹೇಳುವವರು ಅವರಿಗೆ ಅಷ್ಟೊತ್ತಿಗೆ ಬೇಕಾದಷ್ಟು ಸಿಕ್ಕಿರುತ್ತಾರೆ. ನನ್ನ ತಲೆಯಲ್ಲೂ ಒಂದು ಗಂಟಿತ್ತು, ಅದರ ತುಣುಕು ಮುಂಬಯಿಯ ಒಂದಷ್ಟು ಇಲಿಗಳ ಬೆನ್ನ ಮೇಲೆ ಬೆಳೆದಿತ್ತು, ಆ ಇಲಿಗಳ ಕ್ಷೇಮಸಮಾಚಾರಕ್ಕಾಗಿ ನಮ್ಮ ಮನೆಮಂದಿ ಬಾಗಿಲು ಕಾಯುತ್ತಿದ್ದರು ಎಂದು ಹೇಳಿದರೆ ಅವರು ಒಂದು ಸಲ ನಕ್ಕಾರು ಎಂಬ ಆಸೆ, ಅಷ್ಟೆ.

ನಾನು ಶರಣಪ್ಪ, ಆಳಂದದ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಹರಾಜಿನ ಸವಾಲು ಕೂಗುವವನು. ತೊಗರಿಯ ರಾಶಿಯಿಂದ ರಾಶಿಗೆ ನಾನು ಮುಂದೆ, ಖರೀದಿದಾರರು ಹಿಂದೆ. ಒಂದು ಬೊಗಸೆ ಕಾಳು ಎತ್ತಿ, ಅದಕ್ಕೆ ಮದುಮಗಳಿಗೆ ಮಾಡುವಷ್ಟು ಶೃಂಗಾರವನ್ನು ಮಾತಿನಲ್ಲೇ ಮಾಡಿ, ಬೆಲೆ ಏರಿಸುತ್ತ ಹೋಗಬೇಕು. ನಾಲಿಗೆಯೇ ನನ್ನ ಹೊಲ, ನಾಲಿಗೆಯೇ ನನ್ನ ಎತ್ತು. ಈ ನಾಲಿಗೆಯನ್ನು ಪಳಗಿಸಿದವಳು ನನ್ನ ಸೋದರತ್ತೆ ನೀಲಮ್ಮ. ನಮ್ಮ ಮನೆಯಲ್ಲಿ ಮಕ್ಕಳು ಹೆಚ್ಚು, ಜಾಗ ಕಡಿಮೆ. ಅದಕ್ಕೆ ನನ್ನನ್ನು ಅಫಜಲಪುರ ತಾಲ್ಲೂಕಿನ ಗೊಬ್ಬೂರಿನಲ್ಲಿ ಅವಳ ಬಳಿ ಬಿಟ್ಟಿದ್ದರು. ಅವಳಿಗೆ ಮಕ್ಕಳಿರಲಿಲ್ಲ, ಕಥೆಗಳಿದ್ದವು. ಅವಳೂ ಅವಳ ಓರಗೆಯ ಮುದುಕಿಯರೂ ಶೇಂಗಾ ಸುಲಿಯುತ್ತ ಆಡಿದ ಮಾತುಗಳನ್ನೇ ನಾನು ಗಂಜಿಗೆ ತಂದು ಕೂಗಿ ಹೊಟ್ಟೆ ಹೊರೆದೆ.

ತೊಂಬತ್ತರ ದಶಕದ ನಡುವಿನ ಮಾತು. ಸುಗ್ಗಿ ಜೋರಾಗಿತ್ತು. ಒಂದು ರಾಶಿಯ ಮುಂದೆ ನಿಂತು ಬೊಗಸೆ ಎತ್ತಿದೆ. ಕೈಯಲ್ಲಿದ್ದದ್ದು ಏನೆಂದು ಗೊತ್ತು. ಅದರ ರುಚಿ ಗೊತ್ತು, ಅದು ಬಂದ ಮಣ್ಣಿನ ಬಣ್ಣ ಗೊತ್ತು. ಹೆಸರು ಮಾತ್ರ ಬರಲಿಲ್ಲ. ಬಾಯಿ ತೆರೆದೆ, ಮುಚ್ಚಿದೆ. ಬೊಗಸೆ ಹಿಡಿದುಕೊಂಡೇ ನಿಂತೆ. ಖರೀದಿದಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶರಣಪ್ಪನಂಥ ಶರಣಪ್ಪನೇ ಮಾತಿಲ್ಲದೆ ನಿಂತನೆಂದರೆ ಈ ಕಾಳಿನಲ್ಲಿ ಏನೋ ಇದೆ ಎಂದುಕೊಂಡು ತಾವೇ ಬೆಲೆ ಏರಿಸತೊಡಗಿದರು. ಆ ದಿನ ಆ ರಾಶಿಗೆ ಬಂದಷ್ಟು ಬೆಲೆ ನಾನು ಕೂಗಿದ ಯಾವ ರಾಶಿಗೂ ಬಂದಿರಲಿಲ್ಲ. ರೈತ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ನನ್ನ ಬೆನ್ನಲ್ಲಿ ಬೆವರು ಇಳಿಯುತ್ತಿತ್ತು.

ನಗಿಸುವವನ ದೊಡ್ಡ ಕಷ್ಟ ಇದು: ಅವನಿಗೆ ಬಂದ ರೋಗವನ್ನೂ ಜನ ನಗೆಯೆಂದೇ ತಿಳಿಯುತ್ತಾರೆ. ಊಟಕ್ಕೆ ಕೂತು, ಉಪ್ಪಿನ ಹೆಸರು ಸಿಗದೆ, ಬಿಳೀದು ಕೊಡು ಎಂದರೆ ನನ್ನ ಹೆಂಡತಿ ಮಹಾದೇವಿ ಮೊಸರು ತಂದಳು. ಅಲ್ಲವೆಂದು ತಲೆಯಾಡಿಸಿದರೆ ಹಾಲು. ಆಮೇಲೆ ಸುಣ್ಣದ ಡಬ್ಬಿಯನ್ನೇ ತಂದು ಮುಂದಿಟ್ಟು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹೀಗೇ ಕೆಲವು ವಾರ ನಡೆಯಿತು. ಒಂದು ಸಂಜೆ ಕಥೆ ಹೇಳುತ್ತ ಹೇಳುತ್ತ ನಡುವೆ ನಿಂತುಬಿಟ್ಟೆ. ಅವಳು ಕಸಬರಿಗೆ ಕೆಳಗಿಟ್ಟು ಹತ್ತಿರ ಬಂದಳು.

“ರೀ, ನಗಸಾಕ ಮಾಡಾಕತ್ತೀರೋ, ಖರೇನೋ?”

ಖರೇ ಎನ್ನಲಿಕ್ಕೂ ಮಾತು ಬರಲಿಲ್ಲ. ಅವಳ ಕೈ ಹಿಡಿದು ಭಾರವೆನಿಸುತ್ತಿದ್ದ ನನ್ನ ಎಡಗಡೆಯ ಕಿವಿಯ ಮೇಲ್ಭಾಗಕ್ಕೆ ಇಟ್ಟುಕೊಂಡೆ. ಅವಳು ಮತ್ತೆ ನಗಲಿಲ್ಲ.

ಸುದ್ದಿ ಮುಟ್ಟಿದ ಕೂಡಲೇ ಅತ್ತೆ ಗೊಬ್ಬೂರಿನಿಂದ ಬಸ್ಸು ಹತ್ತಿ ಬಂದಳು. ಬಂದವಳೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಓಣಿಯೆಲ್ಲ ಕೆಮ್ಮಿತು. ಕೈ ತೊಳೆದುಕೊಂಡು ಮಹಾದೇವಿಗೆ ಅಂದದ್ದು ಇಷ್ಟೇ: “ದೃಷ್ಟಿ ತಗದೆ. ನಂದ ಮುಗೀತು. ಇನ್ನ ಡಾಕ್ಟರಂದು ಉಳದದ, ನಡೀಬೇ.”

ಕಲಬುರಗಿಯ ಡಾಕ್ಟರು ಸೊಲ್ಲಾಪುರಕ್ಕೆ ಕಳಿಸಿದರು. ಸೊಲ್ಲಾಪುರದವರು ತಲೆಯ ಫೋಟೋ ತೆಗೆದು ಮುಂಬಯಿಗೆ ಕಳಿಸಿದರು. ಗಂಟು ಎಷ್ಟಿದೆ ಎಂದು ಹೇಳುವಾಗ ಒಬ್ಬರು ಬಾರಿಹಣ್ಣಿನಷ್ಟು ಎಂದರು, ಇನ್ನೊಬ್ಬರು ನೆಲ್ಲಿಕಾಯಿ ಎಂದರು, ಮುಂಬಯಿಯ ದೊಡ್ಡ ಡಾಕ್ಟರು ಸಣ್ಣ ನಿಂಬೆಹಣ್ಣು ಎಂದರು. ಇವರೆಲ್ಲ ತಿನ್ನುವ ಪದಾರ್ಥಗಳನ್ನೇ ಯಾಕೆ ಹಿಡಿದುಕೊಂಡಿದ್ದಾರೆ, ಇನ್ನು ತಾನು ಸಂತೆಗೆ ಹೋಗುವುದಾದರೂ ಹೇಗೆ ಎಂದು ಮಹಾದೇವಿ ಕಣ್ಣೊರೆಸಿಕೊಳ್ಳುತ್ತಲೇ ಗೊಣಗಿದಳು.

ಮುಂಬಯಿಯ ಆ ಆಸ್ಪತ್ರೆಯಲ್ಲಿ ಕಾಯುವುದಕ್ಕೆಂದೇ ಒಂದು ದೊಡ್ಡ ಪಡಸಾಲೆ. ಎಲ್ಲ ನಾಡಿನ ಮಂದಿ, ಎಲ್ಲ ಭಾಷೆಯ ಕೆಮ್ಮು. ಹೊಸಬರು ಬಂದರೆ ಹಳಬರು ಒಂದಿಷ್ಟು ಸರಿದು ಜಾಗ ಕೊಡುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ಆ ಸರಿಯುವಿಕೆಯ ಋಣ ನಾನು ಮರೆತಿಲ್ಲ. ಅತ್ತೆ ಮೊದಲ ದಿನವೇ ಖಡಕ್ ರೊಟ್ಟಿಯ ಗಂಟು ಬಿಚ್ಚಿ, ಶೇಂಗಾ ಚಟ್ನಿ ಹಚ್ಚಿ, ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಹಂಚಿದಳು. ಹಲ್ಲಿಲ್ಲದ ಒಬ್ಬ ಗುಜರಾತಿ ಅಜ್ಜ ಅದನ್ನು ಚಹಾದಲ್ಲಿ ಅದ್ದಿ ಅದ್ದಿ ತಿಂದ.

ದೊಡ್ಡ ಡಾಕ್ಟರು ಮುಚ್ಚಿಡದೆ ಹೇಳಿದರು. ಗಂಟು ಮಾತಿನ ಜಾಗಕ್ಕೆ ಅಂಟಿಕೊಂಡೇ ಕೂತಿದೆ. ತೆಗೆಯಬಹುದಾದಷ್ಟು ತೆಗೆಯುತ್ತೇನೆ, ಒಂದಿಷ್ಟು ಬಿಟ್ಟು ಬರಲೇಬೇಕು. ಅದನ್ನೂ ಕೀಳಲು ಹೋದರೆ ಮಾತೂ ಬರುತ್ತದೆ ಅದರ ಸಂಗಡ. ಬಿಟ್ಟದ್ದಕ್ಕೆ ಆಮೇಲೆ ಕರೆಂಟು, ಅಂದರೆ ಕಿರಣದ ಚಿಕಿತ್ಸೆ, ಕೊಡುತ್ತೇವೆ. ಇಷ್ಟಾದರೂ ಮಾತು ಉಳಿಯುತ್ತದೆ ಎಂದು ಬರೆದುಕೊಡಲಾರೆ. ಸಾವಿನ ಭಯ ನನಗೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಭಯ, ಬದುಕಿ ಗಂಜಿಗೆ ಮರಳಿ, ಬೊಗಸೆ ಎತ್ತಿ, ಜೀವನವಿಡೀ ಹಾಗೇ ನಿಂತಿರುವುದು.

ಆಪರೇಷನ್ನಿನ ಹಿಂದಿನ ದಿನ ಬಿಳಿ ಕೋಟಿನ ಒಬ್ಬ ಹೆಣ್ಣುಮಗಳು ಬಂದಳು. ಹೆಸರು ಸುನಂದಾ. ನಮ್ಮ ಗಡಿಯ ಊರು ಖಜೂರಿ ದಾಟಿದರೆ ಮಹಾರಾಷ್ಟ್ರ, ಅಲ್ಲಿಂದ ಒಂದಿಷ್ಟು ದೂರದ ಹಳ್ಳಿಯವಳು. ಕನ್ನಡದಲ್ಲಿ ಮರಾಠಿ ಕಲಸಿ ಮಾತಾಡುವವಳು. ಅವಳು ಕೊಯ್ಯುವ ಡಾಕ್ಟರಲ್ಲ, ಪ್ರಯೋಗಾಲಯದವಳು. ಅತ್ತೆಯನ್ನು ಕಂಡು ಮಾವ್ಶಿ, ಅಂದರೆ ಚಿಕ್ಕಮ್ಮ, ಎಂದು ಕರೆದು ಕೆಳಗೇ ಕೂತಳು. ಗಂಟಿನಲ್ಲಿ ಒಂದು ತುಣುಕು ತಮಗೆ ಬೇಕು, ಅದನ್ನು ಇಲಿಗಳ ಬೆನ್ನಿನ ಚರ್ಮದಡಿ ಬೆಳೆಸಿ ಒಂದು ಹೊಸ ಔಷಧ ಹಾಕಿ ನೋಡುತ್ತೇವೆ ಎಂದಳು. ಮೈಯೆಲ್ಲ ಸುಡುತ್ತ ಹೋಗುವ ಔಷಧವಲ್ಲ. ಇಂಥ ಗಂಟಿನ ಕಣಗಳ ಮೇಲೆ ಒಂದು ಬಗೆಯ ಬೀಗವಿರುತ್ತದೆ, ಆ ಬೀಗ ಹುಡುಕಿಕೊಂಡು ಹೋಗಿ ಅದಕ್ಕೇ ಕೂಡುವ ಕೀಲಿ. ಕೊಡದಿದ್ದರೂ ಆಪರೇಷನ್ನಿಗೆ ಏನೂ ಕೊರತೆಯಾಗುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದಳು.

ನಾನು ಹೂಂ ಎಂದು ತಲೆಯಾಡಿಸಿದೆ. ನನ್ನ ಮಾತು ಕದಿಯಲು ಬಂದ ಗಂಟು, ಒಂದಿಷ್ಟು ದುಡಿಯಲಿ ಎಂದು. ಒಳಗೊಳಗೇ ಇನ್ನೊಂದು ಆಸೆಯೂ ಇತ್ತು: ಆ ಕೀಲಿ ಕೂಡಿದರೆ, ನನ್ನೊಳಗೆ ಉಳಿಯುವ ಚೂರಿಗೂ ಅದನ್ನೇ ಹಾಕಿಯಾರು.

ಅಡ್ಡ ಬಂದವಳು ಅತ್ತೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಕೊಡುತ್ತೇವೆ. ಮೈಯಿಂದ ತೆಗೆದದ್ದು ಏನೇ ಇರಲಿ, ಮಣ್ಣಿಗೇ ಹೋಗಬೇಕು.

“ಕಡೀಕ ಆ ಇಲಿಗೋಳ ಏನ ಮಾಡ್ತೀರಬೇ?” ಎಂದು ಕೇಳಿದಳು.

ಸುನಂದಾ ಅತ್ತೆಯ ಕಡೆಗೆ ತಿರುಗಿದಳು. “ಸುಡತೀವ್ರಿ, ಮಾವ್ಶಿ. ನಮ್ಮ ಕಾಯದೇನೇ ಹಂಗದ. ಹುಗೀತೀನಿ ಅಂತ ಸುಳ್ಳ ಹೇಳಬಹುದು, ಹೇಳಂಗಿಲ್ಲ.”

ಅತ್ತೆ ಹೊಲದ ಕಣದಲ್ಲಿ ಕೂತು ನ್ಯಾಯ ಹೇಳುವ ದನಿಯಲ್ಲಿ, “ಹಂಗಾರ ಪಾಲ ಮಾಡ್ರಿ. ಪರೀಕ್ಷಾ ಮಾಡಾವ್ರಿಗೊಂದು, ನಿಮ್ಮ ಇಲಿಗೊಂದು, ನಮಗೊಂದು. ನಮ್ಮ ಪಾಲ ನಾವ ಮಣ್ಣಿಗೆ ಕೊಡ್ತೀವಿ” ಎಂದಳು.

ಹೀಗೆ ನನ್ನ ತಲೆಯ ಫಸಲು ತೆಗೆಯುವ ಮೊದಲೇ ಪಾಲಾಯಿತು. ದೊಡ್ಡ ಡಾಕ್ಟರು ಕೇಳಿ ನಕ್ಕು ಒಪ್ಪಿದರು.

ಮರುದಿನ ಇನ್ನೊಂದು ತೊಡಕು. ಆಪರೇಷನ್ ಕೋಣೆಯೊಳಗೆ ಮೈಮೇಲೆ ಏನೂ ಇರಕೂಡದು. ಕೊರಳಿನ ಲಿಂಗವನ್ನು ನಾನು ಎಂದೂ ಬಿಚ್ಚಿಟ್ಟವನಲ್ಲ. ಅತ್ತೆ ವಾದ ಮಾಡಲಿಲ್ಲ. ಎಡಗೈ ಚಾಚಿದಳು, ನಾನು ಇಟ್ಟೆ. ಒಳಗೆ ಅವರು ನನ್ನ ತಲೆ ಬಿಚ್ಚಿ ಮತ್ತೆ ಹೊಲಿಯುವ ತನಕ ಅವಳು ಆ ಅಂಗೈ ಮುಚ್ಚಲೂ ಇಲ್ಲ, ಕೆಳಗಿಳಿಸಲೂ ಇಲ್ಲವಂತೆ. ನೀರು ಕುಡಿಯಬೇಕಾದಾಗ ಮಹಾದೇವಿಯೇ ಲೋಟ ಹಿಡಿದು ಕುಡಿಸಿದಳಂತೆ.

ಎಚ್ಚರವಾದಾಗ ಎಲ್ಲರ ಗುರುತು ಸಿಕ್ಕಿತು. ಕೈಕಾಲು ಆಡಿದವು. ಮಾತು ಇರಲಿಲ್ಲ. ಒಂದು ಶಬ್ದ ಕೂಡ. ಬಾವು ಇಳಿದರೆ ಬರಬಹುದು ಎಂದರು ಡಾಕ್ಟರು. ಬರಬಹುದು ಎಂಬ ಮಾತಿನ ತೂಕ ಗಂಜಿನವನಿಗೆ ಗೊತ್ತು. ಅದು ಕೊಳ್ಳುವವನ ಮಾತು, ಕೊಂಡವನ ಮಾತಲ್ಲ.

ಕರೆಂಟು ಕೊಡಿಸಿಕೊಳ್ಳುವ ವಾರಗಳಲ್ಲಿ ಆಸ್ಪತ್ರೆಯ ಹತ್ತಿರದ ಒಂದು ಧರ್ಮಶಾಲೆಯಲ್ಲಿದ್ದೆವು. ತಲೆಯ ಮೇಲೆ ಬಣ್ಣದ ಗೀಟು ಎಳೆದರು. ಕೂದಲು ಉದುರಿ ಬುರುಡೆ ಬೋಳಾಯಿತು. ಮಾತು ಕಲಿಸುವ ಒಬ್ಬಳು ತಾಯಿ ಬಂದು ಹಣ್ಣುಗಳ ಚಿತ್ರ ತೋರಿಸಿ ಇದೇನು, ಅದೇನು ಎಂದು ಕೇಳುತ್ತಿದ್ದಳು. ಬಹಳ ತಾಳ್ಮೆಯವಳು. ಆದರೆ ಅವಳ ಮುಂದೆ ಬಾಯಿ ತೆರೆಯಲು ನನಗೇ ನಾಚಿಕೆ. ಅತ್ತೆ ಕೆಲವು ದಿನ ಇದನ್ನೆಲ್ಲ ನೋಡಿದಳು. ಆಮೇಲೆ ಒಂದು ಮಧ್ಯಾಹ್ನ, ಧರ್ಮಶಾಲೆಯ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ, ತನ್ನಷ್ಟಕ್ಕೇ ಕಥೆ ಶುರು ಮಾಡಿದಳು.

ಅದು ಆಮೆಯೊಂದು ಸೊನ್ನ ಎಂಬ ಊರಿನ ಬೀಗರ ಮನೆಗೆ ಮದುವೆಗೆಂದು ಹೊರಡುವ ಕಥೆ. ಭೀಮಾ ನದಿಯ ದಂಡೆಗುಂಟ ಅದು ನಡೆದೇ ನಡೆಯುತ್ತದೆ. ಮುಟ್ಟುವಷ್ಟರಲ್ಲಿ ಮದುಮಗಳಿಗೆ ಮೊಮ್ಮಕ್ಕಳಾಗಿರುತ್ತವೆ. ಆಮೆ ಹೊಸ್ತಿಲಲ್ಲಿ ನಿಂತು, ಹೋಳಿಗೆ ಆರಿಲ್ಲ ತಾನೆ ಎಂದು ಕೇಳುತ್ತದೆ. ಚಿಕ್ಕಂದಿನಲ್ಲಿ ಇದನ್ನು ಅವಳ ಬಾಯಿಂದ ಕೇಳದೆ ನಾನು ಮಲಗುತ್ತಿರಲಿಲ್ಲ. ಆ ದಿನ ಅವಳು ಹೇಳತೊಡಗಿದ್ದು ಹೀಗೆ: “ಒಂದ ಊರಾಗ ಒಂದ ಮೊಲಾ ಇತ್ತಂತ. ಅದಕ್ಕ ಸೊನ್ನದ ಬೀಗರು ಮದವಿಗೆ ಕರದಿದ್ರಂತ.”

ನಾನು ತಲೆ ಎತ್ತಿದೆ. ಅವಳು ನೋಡಲಿಲ್ಲ. ಮೊಲ ಒಂದೇ ನೆಗೆತಕ್ಕೆ ಸೊನ್ನ ಮುಟ್ಟಿತಂತೆ, ಹೊತ್ತಿಗೆ ಸರಿಯಾಗಿ ಹೋಗಿ ಹೋಳಿಗೆ ಉಂಡಿತಂತೆ, ತಿರುಗಿ ಬಂತಂತೆ, ಕಥೆ ಮುಗಿಯಿತಂತೆ. ಇಷ್ಟು ಒಳ್ಳೆಯ ಕಥೆಯನ್ನು ಹೀಗೆ ಕುತ್ತಿಗೆ ಹಿಚುಕಿ ಕೊಲ್ಲುವುದೇ? ಸುತ್ತ ಕೂತ ನಾಲ್ಕು ಮಂದಿ ಇದೇ ಕಥೆ ಎಂದು ತಿಳಿದು ಎದ್ದು ಹೋದರೆ? ಅವಳು ಮತ್ತೆ ಮೊದಲಿನಿಂದ, ಇನ್ನಷ್ಟು ನಿಧಾನವಾಗಿ, ಒಂದ ಊರಾಗ ಒಂದ ಮೊಲಾ ಎಂದಳು.

“ಅಲ್ಲ,” ಎಂದೆ ನಾನು.

ಮಹಾದೇವಿಯ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ಅತ್ತೆ ಅಕ್ಕಿಯಿಂದ ಕಣ್ಣೆತ್ತದೆ, “ಮತ್ತೇನಲೇ ಶರಣ್ಯಾ? ಮೊಲಾ ಅಲ್ಲಂದ್ರ ನರಿ ಏನು?” ಎಂದಳು.

“ಆ... ಆಮೆ.”

“ನಿನಗ್ಯಾರ ಹೇಳ್ಯಾರ?”

“ನೀ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು, ಅಕ್ಕಿಯ ಧೂಳು ಎಂದಳು. ಅಂದಿನಿಂದ ಅದೇ ಪಾಠ. ಹೋಳಿಗೆಗೆ ಬೆಲ್ಲದ ಬದಲು ಹುಣಸೆಹಣ್ಣು ಹಾಕುವಳು, ಎತ್ತಿನ ಹಾಲು ಹಿಂಡುವಳು, ನನ್ನ ಅಪ್ಪನನ್ನು ಜಾಣ ಎನ್ನುವಳು. ಒಂದೊಂದು ತಪ್ಪಿಗೂ ನನ್ನೊಳಗಿಂದ ಒಂದೊಂದು ಮಾತು ರೇಗಿ ಎದ್ದು ಬರುತ್ತಿತ್ತು. ಮಾತು ಕಲಿಸುವ ತಾಯಿ ಒಂದು ದಿನ ಹಿಂದೆ ನಿಂತು ನೋಡಿ, ಚಿತ್ರಗಳನ್ನು ಚೀಲಕ್ಕೆ ಹಾಕಿಕೊಂಡು, ತಾನೂ ಕೂತು ಕೇಳಿದಳು. ಎರಡು ಸಲವೂ ಅತ್ತೆಯೊಬ್ಬಳಿಂದಲೇ ಮಾತು ಕಲಿತವನು ನಾನು.

ಊರಿಗೆ ಹೊರಟಾಗ ನಮ್ಮ ಪಾಲು ಕೈಗೆ ಬಂತು. ಔಷಧದ ನೀರಿನಲ್ಲಿ ಮುಳುಗಿದ, ಉಗುರಿನಷ್ಟು ಚೂರು, ಸಣ್ಣ ಬಾಟಲಿಯಲ್ಲಿ. ರೈಲಿನಲ್ಲಿ ಅತ್ತೆ ಅದನ್ನು ಕೂಸಿನ ಕುಲಾಯಿ ಟೊಪ್ಪಿಗೆಯೊಂದರಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಎದುರು ಕೂತವನೊಬ್ಬ ಉಪ್ಪಿನಕಾಯಿ ಏನಜ್ಜಿ ಎಂದು ಕೇಳಿದ. ಅಲ್ಲ, ನಮ್ಮ ಹುಡುಗನ ತಲೆ ಎಂದಳು. ಸೊಲ್ಲಾಪುರದವರೆಗೆ ಆ ಸೀಟು ನಮಗೇ ಇತ್ತು.

ಗೊಬ್ಬೂರಿನ ಹೊಲದಲ್ಲಿ ಹೂಳಲು ತಗ್ಗು ಕೂಡ ತೋಡಿದ್ದಾಯಿತು. ಆಗ ಅತ್ತೆ ತಟ್ಟನೆ ಕೈ ತಡೆದಳು. ಇದರ ಇನ್ನೊಂದು ಪಾಲು ಇಲಿಗಳ ಬೆನ್ನ ಮೇಲೆ ಇನ್ನೂ ಬದುಕಿದೆ. ಒಂದು ಪಾಲು ಜೀವಂತ ಇರುವಾಗ ಇನ್ನೊಂದಕ್ಕೆ ಮಣ್ಣು ಕೊಡುವುದು ಯಾವ ಶಾಸ್ತ್ರ? ಮಠದ ಅಯ್ಯನವರನ್ನು ಕೇಳಿದರೆ ಅವರೂ ಗಡ್ಡ ನೀವಿಕೊಂಡು, ಕಾಯುವುದರಲ್ಲಿ ತಪ್ಪಿಲ್ಲ ಎಂದರು. ಬಾಟಲಿ ಗೋಡೆಯ ಮಾಡದಲ್ಲಿ ಕೂತಿತು. ಅಲ್ಲಿಂದ ಸುರುವಾಯಿತು ನಮ್ಮ ಮನೆಯ ಇಲಿಚಿಂತೆ. ಕಂಡವರು ಹೇಗಿದ್ದೀಯಪ್ಪಾ ಎಂದು ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ, ಇಲಿಗಳು ಹೇಗಿವೆ ಎನ್ನುತ್ತಿದ್ದರು.

ಮೊದಲ ತಪಾಸಣೆಗೆ ಹೋದಾಗ ಅತ್ತೆಯೂ ಬಂದಳು. ಇಲಿಗಳನ್ನು ನೋಡದೆ ತಿರುಗಿ ಹೋಗುವುದಿಲ್ಲ ಎಂದು ಪಟ್ಟು ಹಿಡಿದಳು. ಸುನಂದಾ ಯಾರನ್ನೋ ಕೇಳಿಕೊಂಡು ಬಂದು, ಗಾಜಿನ ಕಿಟಕಿಯಾಚೆಯಿಂದ ತೋರಿಸಿದಳು. ಅವು ಬೆಳ್ಳಗೆ, ತೆಳು ಗುಲಾಬಿ, ಮೈಮೇಲೆ ಒಂದು ಕೂದಲೂ ಇಲ್ಲದ ಇಲಿಗಳು. ನಾನೂ ಟೊಪ್ಪಿಗೆ ತೆಗೆದೆ. ಗಾಜಿನಲ್ಲಿ ನನ್ನ ಬೋಳು ಬುರುಡೆ, ಅದರಾಚೆ ಅವುಗಳ ಬೋಳು ಮೈ.

“ಇವಕ್ಕೂ ಕರೆಂಟ ಕೊಟ್ಟೀರೇನ್ರಿ?” ಎಂದಳು ಮಹಾದೇವಿ.

ಅವು ಹುಟ್ಟಿದ್ದೇ ಹಾಗೆ, ಬೇರೆಯವರ ಮಾಂಸವನ್ನು ದೂಡದೆ ಇಟ್ಟುಕೊಳ್ಳುವ ತಳಿ ಎಂದಳು ಸುನಂದಾ. ಒಂದೊಂದರ ಬೆನ್ನಲ್ಲೂ ತೊಗರಿ ಕಾಳಿನಷ್ಟು ಉಬ್ಬು. ಅದು ನಾನು. ನೋಡುತ್ತ ನನಗೆ ಹೇಸಿಗೆಯಾಗಲಿಲ್ಲ, ಒಂದು ಬಗೆಯ ಮರುಕ ಬಂತು. ಪಾಪ, ನನ್ನ ಹೊರೆ ಹೊತ್ತು ಏನೋ ಮೂಸುತ್ತ ಓಡಾಡುತ್ತಿದ್ದವು.

ಗೂಡುಗಳ ಎರಡು ಸಾಲಿದ್ದವು. ಒಂದು ಸಾಲಿಗೆ ಔಷಧ, ಇನ್ನೊಂದು ಸಾಲಿಗೆ ಔಷಧವಿಲ್ಲದ ಬರೀ ನೀರು ಎಂದಾಗ ಅತ್ತೆಯ ಮುಖ ಬಿಗಿಯಿತು. ನಮ್ಮ ಮನೆತನದಲ್ಲಿ ದಾಸೋಹವೆಂದರೆ ಉಸಿರು. ಬಂದವರು ಯಾರೇ ಇರಲಿ, ಒಂದು ಪಂಕ್ತಿಗೆ ಕೂತರೆಂದರೆ ಗೌಡನಿಗೂ ಅದೇ ಹುಗ್ಗಿ, ದಾರಿಹೋಕನಿಗೂ ಅದೇ ಹುಗ್ಗಿ.

“ಒಂದ ಮನ್ಯಾಗ ಕುಂಡ್ರಿಸಿ, ಇವರಿಗೆ ನೀಡಿ, ಅವರಿಗೆ ಬರೇ ನೀರೇನಬೇ? ಎರಡೂ ನಮ್ಮ ಶರಣ್ಯಾನ ಗಂಟೇ ಹೊತ್ತಾವ. ಇದ್ಯಾವ ಪಂಗ್ತಿ?”

ಸುನಂದಾಗೆ ನಗು ಬಂದರೂ ನಗಲಿಲ್ಲ. “ಎಲ್ಲಾಕೂ ಕೊಟ್ರ, ಗಂಟ ಕರಗಿದ್ದು ಔಷಧದಿಂದೋ, ತಾನಾಗೇ ಕರಗಿತೋ, ಹ್ಯಾಂಗ ತಿಳೀಬೇಕ್ರಿ ಮಾವ್ಶಿ?”

ಅತ್ತೆ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಚಹಾ ಬಂತು, ತಣ್ಣಗಾಯಿತು. ಆಮೇಲೆ ತನ್ನ ಹೊಲದ ಮಾತು ತೆಗೆದಳು. ಹಿಂದೆ ಸರಕಾರದವರು ಹೈಬ್ರಿಡ್ ಜೋಳ ತಂದುಕೊಟ್ಟಾಗ, ತಾನು ಹೊಲದ ತುಂಬ ಅದನ್ನೇ ಬಿತ್ತದೆ ಎರಡು ಸಾಲು ಹಳೆಯ ಬಿಳಿಜೋಳ ಬಿಟ್ಟಿದ್ದಳಂತೆ, ಯಾವುದು ಹೇಗೆ ಬರುತ್ತದೆ ನೋಡೋಣವೆಂದು. ಅದನ್ನು ನೆನಪಿಸಿಕೊಂಡು, ನೀರಿನ ಸಾಲಿನವೇ ದೊಡ್ಡ ದಾಸೋಹ ಮಾಡುತ್ತಿವೆ ಬಿಡು, ತಾವು ಉಪವಾಸ ಇದ್ದು ಬೇರೆಯವರಿಗೆ ದಾರಿ ತೋರಿಸುತ್ತಿವೆ ಎಂದಳು. ಎದ್ದು ಹೋಗಿ ಕಿಟಕಿಯ ಮುಂದೆ ನಿಂತು, ಆ ಸಾಲಿಗೆ ಕೈಮುಗಿದು ಬಂದಳು.

ಮುಂದಿನ ತಪಾಸಣೆಯಲ್ಲಿ ಸುನಂದಾ ಪಡಸಾಲೆಗೇ ಬಂದು ಹುಡುಕಿ ಹೇಳಿದಳು: ಔಷಧದ ಸಾಲಿನಲ್ಲಿ ಗಂಟು ಕುಗ್ಗಿವೆ, ನೀರಿನ ಸಾಲಿನಲ್ಲಿ ಬೆಳೆದಿವೆ. ಬೆಂಚಿನ ಮೇಲಿದ್ದ ನಮ್ಮ ಮೂವರಿಗೂ ಮನೆಯಲ್ಲಿ ಗಂಡುಕೂಸು ಹುಟ್ಟಿದಂಥ ಹಿಗ್ಗು. ನನಗೆ ತಡೆಯಲಾಗಲಿಲ್ಲ. ನನಗೂ ಅದನ್ನು ಕೊಡ್ರಿ ಎಂದು ಕೇಳಿಬಿಟ್ಟೆ.

ಅವಳ ಮುಖ ಇಳಿಯಿತು. “ಇನ್ನಾ ಇದು ಇಲಿ ಔಷಧ ಅದರೀ ಅಣ್ಣಾವ್ರ. ನಾವು ಬೆನ್ನಮ್ಯಾಲ ಬೆಳಸೀವಿ. ನಿಮ್ಮದು ತಲಿಯಾಗದ. ತಲಿಗೆ ಒಂದ ಬೇಲಿ ಇರ್ತದ, ಅದನ್ನ ಇದು ದಾಟತದೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದ ನಿಮಗ ಹ್ಯಾಂಗ ಕೊಡ್ಲಿ?”

ಕೆಲವು ಇಲಿಗಳಲ್ಲಿ ಔಷಧ ನಿಲ್ಲಿಸಿದ ಮೇಲೆ ಗಂಟು ಮತ್ತೆ ಎದ್ದದ್ದನ್ನೂ ಅವಳು ಮುಚ್ಚಿಡಲಿಲ್ಲ. ಆ ಹೊತ್ತು ನನಗೆ ಕೋಪ ಬಂದಿತ್ತು. ಪಂಕ್ತಿಯಲ್ಲಿ ಕೂರಿಸಿ, ನನ್ನ ಎಲೆಯ ಹತ್ತಿರ ಬಂದಾಗ ಸೌಟು ಎತ್ತಿಕೊಂಡಂತೆ ಅನಿಸಿತ್ತು. ಅದೇ ಸಂಜೆ ದೊಡ್ಡ ಡಾಕ್ಟರು ನನ್ನ ಹೊಸ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, ಉಳಿದ ಚೂರು ಇದ್ದಲ್ಲೇ ಇದೆ, ಮಲಗಿದೆ, ಎಬ್ಬಿಸುವುದು ಬೇಡ ಎಂದರು. ಅದು ಈಗಲೂ ಮಲಗಿಯೇ ಇದೆ. ಪ್ರತಿ ವರ್ಷ ಹೋಗಿ ಅದರ ನಿದ್ದೆ ನೋಡಿಕೊಂಡು ಬರುತ್ತೇವೆ. ಹೋಗುವ ವಾರ ನನಗೆ ನಿದ್ದೆ ಇರುವುದಿಲ್ಲ, ಅದು ಬೇರೆ ಮಾತು. ಗಂಜಿನಲ್ಲಿ ಮತ್ತೆ ಸವಾಲು ಕೂಗುತ್ತೇನೆ. ನಡುನಡುವೆ ಒಂದು ಹೆಸರು ಕೈಕೊಡುತ್ತದೆ. ಆಗ ಸುಮ್ಮನೆ ಬೊಗಸೆ ಹಿಡಿದು ನಿಲ್ಲುತ್ತೇನೆ, ಬೆಲೆ ಏರುತ್ತದೆ.

ಆ ಇಲಿಗಳು ಹೋದವು. ಬಾಟಲಿ ಮಾತ್ರ ಇನ್ನೂ ಮಾಡದಲ್ಲೇ ಇದೆ. ಗಂಟಿನ ಕಣಗಳನ್ನು ಎಂಥದೋ ಕಡು ತಂಪಿನ ಪಾತ್ರೆಯಲ್ಲಿ ಜೀವಂತ ಇಟ್ಟಿದ್ದೇವೆ, ಮುಂದಿನ ಔಷಧಗಳನ್ನೂ ಅದರ ಮೇಲೆ ನೋಡಬೇಕು ಎಂದಿದ್ದಾಳೆ ಸುನಂದಾ. ಇನ್ನೂ ದುಡಿಯುವವನಿಗೆ ಮಣ್ಣು ಕೊಡುವುದು ಹೇಗೆ ಎನ್ನುತ್ತಾಳೆ ಅತ್ತೆ.

ಹೋದ ಸಲ ಮುಂಬಯಿಯ ಅದೇ ಪಡಸಾಲೆಯಲ್ಲಿ ಜೇವರ್ಗಿ ಕಡೆಯ ಗಂಡಹೆಂಡತಿ ಸಿಕ್ಕರು. ನನ್ನ ಓರಗೆಯ ಮನುಷ್ಯ, ಎಡಗಡೆಗೆ ಪಟ್ಟಿ, ಆಪರೇಷನ್ ಆದಾಗಿನಿಂದ ಒಂದು ಮಾತಿಲ್ಲ. ತಮ್ಮ ಗಂಟಿನಲ್ಲೂ ಒಂದು ತುಣುಕನ್ನು ಇಲಿಗೆಂದು ಕೇಳಿ ಪಡೆದಿದ್ದಾರೆ, ಕೊಟ್ಟದ್ದು ತಪ್ಪಾಯಿತೇ, ಅದಕ್ಕೇ ಮಾತು ಹೋಯಿತೇ ಎಂದು ಹೆಂಡತಿ ಅಳುತ್ತಿದ್ದಳು. ಅತ್ತೆ ಅವಳ ಪಕ್ಕ ಸರಿದು ಕೂತು ತನ್ನ ಬಾಟಲಿಯ ಕಥೆ ಸುರು ಮಾಡಿದಳು. ನಾನು ಅವನ ಪಕ್ಕ ಕೂತೆ. ಅವನಿಗೆ ಯಾವ ಕಥೆ ಗೊತ್ತೋ ನನಗೆ ತಿಳಿಯದು. ಆದರೆ ಭೀಮಾ ಹರಿಯುವುದು ಅವರ ಜೇವರ್ಗಿಯ ಮಗ್ಗುಲಲ್ಲಿ, ನಮ್ಮ ಆಳಂದದ ಹತ್ತಿರ ಅದು ಸುಳಿಯುವುದೂ ಇಲ್ಲ. ಸ್ವಲ್ಪ ಯೋಚಿಸಿ, ನಮ್ಮ ಕಡೆಯ ಮಾತು ಎತ್ತಿದೆ.

“ನಾ ಆಳಂದದವ್ರಿ. ಏನ ಹೇಳಲಿ ನಮ್ಮೂರ ಚಂದ. ಭೀಮಾ ಹೊಳಿ ನಮ್ಮ ಗಂಜಿನ ಮುಂದೇ ಹರೀತದ.”

ಅವನು ತಿರುಗಿ ನನ್ನನ್ನು ನೋಡಿದ.

“ನಿಮ್ಮ ಜೇವರ್ಗಿ ಕಡೀಗೆ ಹೊಳಿ ಇಲ್ಲ ಬಿಡ್ರಿ, ಪಾಪ. ನೀರ ಬೇಕಂದ್ರ ನೀವು ನಮ್ಮ ಆಳಂದಕ್ಕೇ ಬರಬೇಕು.”

ಅವನ ಹುಬ್ಬು ಗಂಟಿಕ್ಕಿದವು. ಕುತ್ತಿಗೆಯ ನರ ಉಬ್ಬಿತು. ಹೆಂಡತಿ ಅಳು ನಿಲ್ಲಿಸಿ ನೋಡತೊಡಗಿದಳು. ನಾನು ಭೀಮಾ ನದಿಗೆ ಆಳಂದದಲ್ಲಿ ನಾವೇ ಕಟ್ಟಿಸಿದ ಸೋಪಾನಗಳ ವರ್ಣನೆಗೆ ಇಳಿದೆ.

“ಅಲ್ಲ!” ಎಂದ ಅವನು, ಇಡೀ ಪಡಸಾಲೆ ತಿರುಗಿ ನೋಡುವಂತೆ.

ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅತ್ತೆ ಗಂಟು ಬಿಚ್ಚಿ ಒಂದು ರೊಟ್ಟಿ ಮುರಿದು, ಚಟ್ನಿ ಹಚ್ಚಿ ಅವಳ ಕೈಗಿಟ್ಟಳು.

“ತಿನ್ನವ್ವಾ, ಈಗೇ ತಿನ್ನು. ಇನ್ನ ಇಂವಾ ಸುಮ್ಮ ಕುಂಡ್ರಂಗಿಲ್ಲ.”